ತೆನೆಯೊಳಗಿನ ಬೂಷ್ಟು

ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರಾ ನದಿಯ ದಂಡೆಯ ಮೇಲೆ ಉಕ್ಕಡಗಾತ್ರಿ ಎಂಬ ಗ್ರಾಮವಿದೆ. ಕರಿಬಸವೇಶ್ವರ ಸ್ವಾಮಿಯ ಗದ್ದುಗೆಯಿಂದ ಹೆಸರಾದ ಈ ಕ್ಷೇತ್ರಕ್ಕೆ ನಾನಾ ಬೇನೆಗಳಿಂದ ಬಳಲುವವರು ಹರಕೆ ಹೊತ್ತು ಬರುತ್ತಾರೆ. ಮುಂಗಾರಿನ ಫಸಲು ಕೈಗೆ ಬರುವ ದಿನಗಳಲ್ಲಿ ದಾವಣಗೆರೆಯ ಸೀಮೆಯಲ್ಲಿ ಸಂಚರಿಸುವವರಿಗೆ ಒಂದು ನೋಟ ಕಾಣದಿರದು. ಕಣದಲ್ಲಿ, ಮನೆಯಂಗಳದಲ್ಲಿ, ಅಲ್ಲಿಯೂ ಜಾಗ ಸಾಲದಾದಾಗ ರಸ್ತೆಯ ಮಗ್ಗುಲಲ್ಲಿ ಹೊಂಬಣ್ಣದ ಮೆಕ್ಕೆಜೋಳವನ್ನು ಹರಡಿರುತ್ತಾರೆ. ಮೋಡ ಕವಿದರೆ ಸಾಕು, ಮನೆಮಂದಿಯೆಲ್ಲ ಓಡಿ ಬಂದು ಕಾಳನ್ನು ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ. ನೆನೆದ ಕಾಳಿಗೆ ಬೆಲೆಯಿಲ್ಲವೆಂಬುದು ಅವರ ಆತಂಕ. ಆದರೆ ಹೀಗೆ ಆತಂಕಪಡಲು ಬೆಲೆಗಿಂತ ದೊಡ್ಡದಾದ ಕಾರಣವೊಂದುಂಟು. ವಿಜ್ಞಾನಿಗಳಿಗೆ ಅದು ತಿಳಿದುಬಂದದ್ದು ಕೋಳಿಗಳ ಸಾವಿನಿಂದ.

1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳುಗಳ ಅವಧಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತುಹೋದವು. ಯಾವ ರೋಗಾಣುವೂ ಪತ್ತೆಯಾಗಲಿಲ್ಲ. ಪಶುವೈದ್ಯರು ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಎಕ್ಸ್ ಎಂದರೆ ಬೀಜಗಣಿತದಲ್ಲಿ ನಾವು ಬಳಸುವ ಅಜ್ಞಾತ ಸಂಖ್ಯೆಯೇ! ಸತ್ತ ಕೋಳಿಗಳೆಲ್ಲ ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯನ್ನು ತಿಂದಿದ್ದವೆಂಬುದು ಮುಂದೆ ತಿಳಿಯಿತು. ಆ ಹಿಂಡಿಯಲ್ಲಿ ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬಣ್ಣದ ಬೂಷ್ಟು ಬೆಳೆದಿತ್ತು. ಅದು ಸ್ರವಿಸಿದ ವಿಷಕ್ಕೆ ಆ ಬೂಷ್ಟಿನ ಹೆಸರಿನಿಂದಲೇ ಅಕ್ಷರಗಳನ್ನು ಆಯ್ದು ‘ಅಫ್ಲಟಾಕ್ಸಿನ್’ ಎಂಬ ಹೆಸರನ್ನಿಟ್ಟರು. ನೇರಳಾತೀತ ಕಿರಣಗಳ ಬೆಳಕಿನಲ್ಲಿ ಈ ವಿಷವು ನೀಲಿಯಾಗಿಯೂ ಹಸಿರಾಗಿಯೂ ಹೊಳೆಯುತ್ತದೆ. ಅದೇ ಬಗೆಯ ಹಿಂಡಿಯನ್ನು ಇಲಿಗಳಿಗೆ ತಿಂಗಳುಗಟ್ಟಲೆ ತಿನ್ನಿಸಿದಾಗ ಅವುಗಳ ಯಕೃತ್ತಿನಲ್ಲಿ ಕ್ಯಾನ್ಸರ್ ಗಂತಿಗಳು ಕಾಣಿಸಿಕೊಂಡವು. ಬೆಳೆಯ ರೋಗವನ್ನು ಅರಸುತ್ತಿದ್ದವರೂ ಮನುಷ್ಯನ ಅರ್ಬುದ ರೋಗವನ್ನು ಅರಸುತ್ತಿದ್ದವರೂ ಒಂದೇ ಕಾಳಿನ ಮುಂದೆ ಬಂದು ನಿಂತಂತಾಯಿತು.

ಈ ಶಿಲೀಂಧ್ರ ವಾಸಿಸುವುದು ಮಣ್ಣಿನಲ್ಲಿ. ಗಾಳಿಯಲ್ಲಿ ತೇಲುವ ಅದರ ಬೀಜಕಣಗಳು ಮೆಕ್ಕೆಜೋಳದ ತೆನೆಯ ತುದಿಯಲ್ಲಿರುವ ನವಿರು ಕೂದಲಿನ ಮೂಲಕವೋ ಹುಳು ಕೊರೆದ ಗಾಯದ ಮೂಲಕವೋ ಒಳಹೊಗುತ್ತವೆ. ಕಾಳು ಕಟ್ಟುವಾಗ ಮಳೆ ಕೈಕೊಟ್ಟು ಬಿಸಿಲು ಹೆಚ್ಚಿದರೆ ಸೋಂಕು ಹೊಲದಲ್ಲಿಯೇ ಬಲವಾಗುತ್ತದೆ. ಕೊಯ್ಲಿನ ಕಾಲಕ್ಕೆ ಮಳೆ ಬಂದರೆ ಕಣದಲ್ಲಿ ಬಲಗೊಳ್ಳುತ್ತದೆ. ಬರವೂ ಅದಕ್ಕೆ ಮಿತ್ರ, ಅಕಾಲದ ಮಳೆಯೂ ಮಿತ್ರ. ನೆರೆಯ ಚಳ್ಳಕೆರೆಯಂಥ ಒಣಸೀಮೆಯ ಕಡಲೆಕಾಯಿಗೂ ಇದರ ಕಾಟ ತಪ್ಪದು. ಆದರೂ ಎಲೆಗಳನ್ನು ಸುಡುವ ಅಂಗಮಾರಿಯಂತೆ ಇದು ಇಡೀ ಹೊಲವನ್ನು ಹಾಳುಗೆಡವದು. ತೂಕದಲ್ಲಿ ನಷ್ಟ ಹೆಚ್ಚಿಲ್ಲವಾದ್ದರಿಂದ ಬಹುಕಾಲ ಇದನ್ನು ಯಾರೂ ದೊಡ್ಡ ರೋಗವೆಂದು ಎಣಿಸಲಿಲ್ಲ.

ದೇಹದೊಳಗೆ ಈ ವಿಷ ಮಾಡುವ ಕೆಲಸ ಕುತೂಹಲಕರವಾದುದು. ಒಳಬಂದ ವಿಷವನ್ನು ಹೊರಹಾಕುವುದಕ್ಕಾಗಿ ಯಕೃತ್ತು ಅದರ ರೂಪವನ್ನು ಬದಲಾಯಿಸುತ್ತದೆ. ಆ ಪ್ರಯತ್ನದಲ್ಲಿಯೇ ಅದು ಇನ್ನಷ್ಟು ಉಗ್ರವಾಗಿ, ಜೀವಕೋಶದ ಡಿ.ಎನ್.ಎ. ಎಳೆಗೆ ಅಂಟಿಕೊಳ್ಳುತ್ತದೆ. ಕೋಶಗಳು ಮಿತಿಮೀರಿ ಬೆಳೆಯದಂತೆ ಕಾವಲಿರುವ ಪಿ-53 ಎಂಬ ಜೀನ್ ನಮ್ಮಲ್ಲಿದೆ. ಚೀನಾ ಮತ್ತು ದಕ್ಷಿಣ ಆಫ್ರಿಕಾದ ಪ್ರದೇಶಗಳ ಯಕೃತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ಈ ಜೀನಿನ ಒಂದೇ ನೆಲೆಯಲ್ಲಿ, 249ನೆಯ ಸಂಕೇತದಲ್ಲಿ, ಒಂದೇ ಬಗೆಯ ಬದಲಾವಣೆಯಾಗಿರುವುದನ್ನು 1991ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ಕಳ್ಳನು ಬಿಟ್ಟುಹೋದ ಬೆರಳಚ್ಚು ಸಿಕ್ಕಂತಾಯಿತು. ಷಾಂಘೈ ನಗರದ ಪುರುಷರ ಅಧ್ಯಯನವು ಇನ್ನೊಂದು ಸಂಗತಿಯನ್ನು ತೋರಿಸಿತು. ಅಫ್ಲಟಾಕ್ಸಿನ್ ಒಂದರಿಂದಲೇ ಯಕೃತ್ತಿನ ಕ್ಯಾನ್ಸರಿನ ಅಪಾಯ ಸುಮಾರು ಮೂರು ಪಟ್ಟಿಗಿಂತ ಹೆಚ್ಚು. ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವೈರಸ್ಸಿನಿಂದ ಸುಮಾರು ಏಳು ಪಟ್ಟು. ಎರಡೂ ಒಬ್ಬನಲ್ಲಿಯೇ ಕೂಡಿದರೆ ಸುಮಾರು 59 ಪಟ್ಟು!

ಅತಿಯಾದ ಪ್ರಮಾಣದಲ್ಲಿ ಒಮ್ಮೆಗೇ ಸೇರಿದರೆ ಈ ವಿಷ ಕ್ಯಾನ್ಸರಿಗಾಗಿ ಕಾಯುವುದಿಲ್ಲ. 1974ರ ಕೊನೆಯಲ್ಲಿ ರಾಜಸ್ಥಾನದ ಬಾನ್ಸವಾಡಾ ಹಾಗೂ ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ಸಿಕ್ಕಿದ ಮೆಕ್ಕೆಜೋಳ ಬೂಷ್ಟು ಹಿಡಿಯಿತು. ಬೇರೆ ಅನ್ನವಿಲ್ಲದ ಬಡ ಆದಿವಾಸಿಗಳು ಅದನ್ನೇ ಉಂಡರು. ಕಾಮಾಲೆ ಬಂದಿತು, ಹೊಟ್ಟೆಯಲ್ಲಿ ನೀರು ತುಂಬಿತು. ಅವರ ಅನ್ನದಲ್ಲಿ ಪಾಲು ಪಡೆದ ನಾಯಿಗಳಿಗೂ ಅದೇ ಗತಿಯಾಯಿತು. ರೋಗಕ್ಕೆ ತುತ್ತಾದ 397 ಮಂದಿಯಲ್ಲಿ 106 ಮಂದಿ ಮಡಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಕಾಳನ್ನು ಪರೀಕ್ಷಿಸಿ ಕಾರಣವನ್ನು ಹೊರಗೆಡಹಿದರು.

ಚೀನಾ ದೇಶದ ಕಿಡಾಂಗ್ ಪ್ರಾಂತದ ಕಥೆ ಇದಕ್ಕಿಂತ ನೆಮ್ಮದಿ ತರುವಂಥದು. ಅಲ್ಲಿ ಯಕೃತ್ತಿನ ಕ್ಯಾನ್ಸರ್ ಬಹಳವಾಗಿತ್ತು. 1980ರ ದಶಕದಲ್ಲಿ ಜನರು ಮೆಕ್ಕೆಜೋಳದ ಊಟವನ್ನು ಬಿಟ್ಟು ಅಕ್ಕಿಗೆ ಬಂದರು. ಮುಂದಿನ ದಶಕಗಳಲ್ಲಿ ಆ ಕ್ಯಾನ್ಸರಿನ ಮರಣ ಗಣನೀಯವಾಗಿ ಕೆಳಗಿಳಿಯಿತು.

ದಾವಣಗೆರೆಯ ರೈತನಿಗೆ ಮೆಕ್ಕೆಜೋಳವನ್ನು ಬಿಡು ಎನ್ನಲಾಗದು. ಬಿಡಬೇಕಾದ ಅಗತ್ಯವೂ ಇಲ್ಲ. ಕಾಳಿನಲ್ಲಿ ತೇವ ನೂರಕ್ಕೆ ಹದಿನಾಲ್ಕು ಪಾಲಿಗಿಂತ ಕಡಿಮೆಯಾದರೆ ಬೂಷ್ಟು ಬೆಳೆಯಲಾರದು. ಅನುಭವಿ ರೈತನು ಕಾಳನ್ನು ಹಲ್ಲಿನಿಂದ ಕಡಿದು, ಅದು ಕಟಕ್ಕೆಂದು ಒಡೆದರೆ ಒಣಗಿತೆಂದು ತಿಳಿಯುತ್ತಾನೆ; ಮಾರುಕಟ್ಟೆಯಲ್ಲಿ ಅದನ್ನೇ ತೇವಮಾಪಕ ಯಂತ್ರ ಅಂಕಿಗಳಲ್ಲಿ ಹೇಳುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯವೂ ಉಂಟು. ಈ ಬೂಷ್ಟಿನಲ್ಲಿಯೇ ವಿಷ ಸ್ರವಿಸದ ತಳಿಗಳಿವೆ. ಅಮೆರಿಕದಲ್ಲಿಯೂ ನೈಜೀರಿಯ ಮೊದಲಾದ ಆಫ್ರಿಕಾದ ದೇಶಗಳಲ್ಲಿಯೂ ಅವನ್ನು ಬೆಳೆಸಿ ಹೊಲಕ್ಕೆ ಎರಚುತ್ತಾರೆ. ಅವು ಮೊದಲೇ ಜಾಗ ಹಿಡಿದು ವಿಷದ ತಳಿಗೆ ಎಡೆಗೊಡುವುದಿಲ್ಲ.

ಬೂಷ್ಟು ಹಿಡಿದ ಕಾಳನ್ನು ಬೇಯಿಸಿದರೂ ಹುರಿದರೂ ವಿಷ ಪೂರ್ಣವಾಗಿ ಅಳಿಯದು. ಆರಿಸಿ ತೆಗೆದ ಅಂಥ ಕಾಳನ್ನು ದನಕ್ಕೆ ಹಾಕಿದರಾಯಿತೆಂದು ಕೆಲವರು ಭಾವಿಸುತ್ತಾರೆ. ಗೋದಲಿಗೆ ಬಿದ್ದ ವಿಷದ ಒಂದಂಶವು ಹಸುವಿನ ಯಕೃತ್ತಿನಲ್ಲಿ ರೂಪಾಂತರ ಹೊಂದಿ, ಮರುದಿನವೇ ಹಾಲಿನಲ್ಲಿ ಇಳಿದು, ಮನೆಯ ಮಗುವಿನ ಲೋಟಕ್ಕೆ ಬರುತ್ತದೆ.