ಹಳೆಯ ಪುಟಗಳ ದೋಣಿಗಳು

ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ ಮೊದಲಾದವುಗಳನ್ನು ಕೂಡಿಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ನನಗೆ ಅಂಟಿಕೊಂಡದ್ದು ಬೇರೊಂದು ಹುಚ್ಚು. ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾದ ದೋಣಿಗಳ ಚಿತ್ರಗಳನ್ನೂ ನಗೆಚಿತ್ರಗಳನ್ನೂ ನಾನು ಮೂವತ್ತು ವರ್ಷಗಳಿಂದ ಸಂಗ್ರಹಿಸುತ್ತ ಬಂದಿದ್ದೇನೆ. ದೋಣಿಯೇರಿದೊಡನೆ ಅದರ ಅಂಚನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು ಕುಳಿತುಬಿಡುವ ನನಗೆ ಈ ಹವ್ಯಾಸ ಹೇಗೆ ಹತ್ತಿತೆಂದು ಮನೆಯವರು ಈಗಲೂ ಕೇಳುವುದುಂಟು.

ಇಂಥ ಚಿತ್ರಗಳ ದೊಡ್ಡ ಗಣಿಯೆಂದರೆ ‘ಪಂಚ್’ ಎಂಬ ವಾರಪತ್ರಿಕೆ. ಅದು 1841ರ ಜುಲೈ 17ರಂದು ಲಂಡನ್ನಿನಲ್ಲಿ ಹುಟ್ಟಿತು. ಒಂದೂವರೆ ಶತಮಾನ ನಡೆದು 1992ರಲ್ಲಿ ನಿಂತಿತು. 1996ರಲ್ಲಿ ಮತ್ತೆ ತಲೆಯೆತ್ತಿ 2002ರಲ್ಲಿ ಕೊನೆಗೊಂಡಿತು. ‘ಕಾರ್ಟೂನ್’ ಎಂಬ ಮಾತಿಗೆ ಇಂದಿನ ಅರ್ಥ ಬಂದುದೂ 1843ರಲ್ಲಿ ಈ ಪತ್ರಿಕೆಯಿಂದಲೇ. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು ಓದು ಕಲಿಯುವ ಮೊದಲೇ ನೋಡಿ ಮೈಮರೆತ ಪತ್ರಿಕೆಗಳಲ್ಲಿ ಇದೂ ಒಂದು. ಥೇಮ್ಸ್ ನದಿಯ ದಂಡೆಯ ಊರಿನ ಪತ್ರಿಕೆಯಾದ್ದರಿಂದ ಅದರಲ್ಲಿ ದೋಣಿಗಳಿಗೆ ಬರವಿಲ್ಲ. ಹುಟ್ಟು ಹಾಕಲು ಬಾರದಿದ್ದರೂ ಬಲ್ಲವನಂತೆ ನಟಿಸುವ ತರುಣ, ಅಗಲವಾದ ಲಂಗದ ಹೆಂಗಸು, ನೀರಿಗೆ ಜಾರುತ್ತಿರುವ ತಿಂಡಿಯ ಬುಟ್ಟಿ, ಇವೆಲ್ಲ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ನಿಜ ಹೇಳಬೇಕೆಂದರೆ, ಇವುಗಳಲ್ಲಿ ಅನೇಕ ಚಿತ್ರಗಳು ಈಗ ನಗಿಸುವುದಿಲ್ಲ. ಹಳೆಯ ಪತ್ರಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಹಳಸುವುದು ನಗೆಯೇ. ಆದರೆ ಅಂದಿನ ಜನರು ತೊಟ್ಟ ಟೋಪಿ, ದೋಣಿಯ ಮೈಕಟ್ಟು, ದಡದ ಮೆಟ್ಟಿಲು ಇವು ಹಾಗೆಯೇ ಉಳಿದಿರುತ್ತವೆ.

ಚಿತ್ರವನ್ನು ಭೂತಗನ್ನಡಿಯಿಂದ ನೋಡಿದರೆ ಇನ್ನೊಂದು ಲೋಕವೇ ತೆರೆಯುತ್ತದೆ. ಚಿತ್ರಕಾರನು ನುಣುಪಾದ ಬಾಕ್ಸ್ ಮರದ ತುಂಡಿನ ಮೇಲೆ, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆಯಬೇಕಾಗಿತ್ತು. ಬಿಳಿಯಾಗಿ ಕಾಣಬೇಕಾದ ಭಾಗವನ್ನೆಲ್ಲ ಕೆತ್ತನೆಗಾರನು ಸಣ್ಣ ಉಳಿಯಿಂದ ತೆಗೆದುಹಾಕುತ್ತಿದ್ದ. ಉಬ್ಬಿ ನಿಂತ ಗೆರೆಗೆ ಮಸಿ ಹತ್ತುತ್ತಿತ್ತು. ನೀರಿನ ಒಂದು ಅಲೆಯನ್ನು ಉಳಿಸಲು ಅದರ ಎರಡು ಪಕ್ಕಗಳನ್ನೂ ಕೆತ್ತಬೇಕಷ್ಟೆ! ‘ಪಂಚ್’ ಪತ್ರಿಕೆಯ ಎಷ್ಟೋ ಚಿತ್ರಗಳ ಮೂಲೆಯಲ್ಲಿ ಜೋಸೆಫ್ ಸ್ವೇನ್ ಎಂಬ ಕೆತ್ತನೆಗಾರನ ಹೆಸರು ಚಿಕ್ಕ ಅಕ್ಷರಗಳಲ್ಲಿ ಕಾಣುತ್ತದೆ. ಆ ಮರ ಅಗಲವಾಗಿ ಬೆಳೆಯದ ಕಾರಣ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ತಿರುಪು ಹಾಕಿ ಜೋಡಿಸುತ್ತಿದ್ದರು. ಜೋಡಣೆ ಸ್ವಲ್ಪ ಸಡಿಲಿದರೆ ನದಿಯ ನಡುವೆ ಕೂದಲೆಳೆಯಂಥ ಬಿಳಿಯ ಗೆರೆಯೊಂದು ಹಾದುಹೋಗುತ್ತದೆ. ಅಂಥ ಗೆರೆ ಕಂಡಾಗ ನನಗೆ ಚಿತ್ರದ ಮೇಲೆ ಪ್ರೀತಿ ಹೆಚ್ಚುತ್ತದೆ.

ಇನ್ನು ನನ್ನ ತಪ್ಪಿನ ಕಥೆ. ಸಂಗ್ರಹದ ಮೊದಲ ವರ್ಷಗಳಲ್ಲಿ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ‘ಪಂಚ್’ ಪತ್ರಿಕೆಯ ಹೊಲಿಗೆ ಬಿಟ್ಟ ಸಂಪುಟವೊಂದು ಸಿಕ್ಕಿತು. ಅದರಲ್ಲಿ ಒಂದು ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. ನದಿಯ ಮೇಲೆ ಪುಟ್ಟ ದೋಣಿ. ಮುಸುಕು ಹೊದ್ದ ಅಸ್ಥಿಪಂಜರವೊಂದು ಅದರಲ್ಲಿ ಕುಳಿತು ಹುಟ್ಟು ಹಾಕುತ್ತಿದೆ. ಕೆಳಗೆ ‘ಮೌನ ದರೋಡೆಕೋರ’ ಎಂಬರ್ಥದ ಹೆಸರು. ಹಣ ಬೇಕೋ ಪ್ರಾಣ ಬೇಕೋ ಎಂದು ದಾರಿಗಳ್ಳನು ಕೇಳುವ ಮಾತು. ನಾನು ಆ ಹಾಳೆಯನ್ನು ಕಿತ್ತು, ಚೌಕಟ್ಟಿಗೆ ಹೊಂದಲೆಂದು ಮೇಲಿನ ಅಂಚನ್ನು ಕತ್ತರಿಸಿ, ಉಳಿದ ಸಂಪುಟವನ್ನು ರದ್ದಿಯವನಿಗೆ ತೂಕಕ್ಕೆ ಕೊಟ್ಟೆ. ಆಮೇಲೆ ದಾಸರ ಪದಗಳನ್ನು ಪಾಠ ಮಾಡುವಾಗ ಆ ಚಿತ್ರವನ್ನು ತರಗತಿಗೆ ಒಯ್ದು, ಅದು ಭವಸಾಗರವೆಂದೂ ಯಮನೇ ಅಂಬಿಗನೆಂದೂ ಅರ್ಧ ಗಂಟೆ ವಿವರಿಸಿದೆ. ಮಕ್ಕಳು ತಲೆದೂಗಿದರು.

ಕೆಲವು ವರ್ಷಗಳ ಬಳಿಕ ಗ್ರಂಥಾಲಯದಲ್ಲಿ ಅದೇ ಚಿತ್ರ ಪೂರ್ಣ ಪುಟವಾಗಿ ಕಣ್ಣಿಗೆ ಬಿತ್ತು. ನಾನು ಕತ್ತರಿಸಿದ್ದ ಅಂಚಿನಲ್ಲಿ 1858, ಜುಲೈ 10 ಎಂದು ಅಚ್ಚಾಗಿತ್ತು. ಆ ಬೇಸಗೆಯಲ್ಲಿ ಲಂಡನ್ ನಗರದ ಹೊಲಸೆಲ್ಲ ಥೇಮ್ಸ್‌ಗೆ ಹರಿದು, ಬಿಸಿಲಿಗೆ ಕೊಳೆತು, ಇತಿಹಾಸದಲ್ಲಿ ‘ಮಹಾದುರ್ನಾತ’ವೆಂದು ಹೆಸರಾಯಿತು. ದಡದಲ್ಲಿದ್ದ ಪಾರ್ಲಿಮೆಂಟಿನ ಕಿಟಕಿಗಳ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಬೇಕಾಯಿತು. ಆ ನದಿಗೆ ‘ಮೌನ ಹೆದ್ದಾರಿ’ ಎಂಬ ಹೆಸರಿತ್ತು. ಆದ್ದರಿಂದಲೇ ಅದರ ಮೇಲೆ ಸಂಚರಿಸುವ ಮೃತ್ಯು ಹೆದ್ದಾರಿಯ ದರೋಡೆಕೋರ. ನದಿಯ ಶುದ್ಧಿಗೆ ಹಣ ಕೊಡಿ, ಇಲ್ಲವೆ ಪ್ರಾಣ ಬಿಡಿ ಎಂಬುದು ಚಿತ್ರದ ಮಾತು. ಚಿತ್ರ ಬಂದ ಮುಂದಿನ ತಿಂಗಳೇ ಕಾನೂನು ಆಯಿತು. ಜೋಸೆಫ್ ಬ್ಯಾಜಲ್ಗೆಟ್ ಎಂಬ ಎಂಜಿನಿಯರನು ಹೊಲಸು ನದಿಗೆ ಸೇರುವ ಮೊದಲೇ ಅದನ್ನು ತಡೆದು ಒಯ್ಯುವ 82 ಮೈಲಿ ಉದ್ದದ ದೊಡ್ಡ ಚರಂಡಿಗಳನ್ನು ಕಟ್ಟಿಸಿದನು. ನಾನು ಭವಸಾಗರವೆಂದದ್ದು ಚರಂಡಿಯ ನೀರು!

ಇನ್ನೂ ಮೂರು ವರ್ಷ ಹಿಂದಿನ ಸಂಪುಟದಲ್ಲಿ ಇದರ ಜೊತೆಯ ಚಿತ್ರವಿದೆ. 1855ರ ಜುಲೈಯಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಹಬೆದೋಣಿಯಲ್ಲಿ ಹೋಗುತ್ತ ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಹಾಕಿ ನೋಡಿದನು. ಅವು ಒಂದು ಅಂಗುಲ ಮುಳುಗುವಷ್ಟರಲ್ಲಿ ಮರೆಯಾದವು. ಇದನ್ನು ಅವನು ‘ಟೈಮ್ಸ್’ ಪತ್ರಿಕೆಗೆ ಬರೆದ ಎರಡು ವಾರಗಳಲ್ಲಿ ‘ಪಂಚ್’ ಒಂದು ಚಿತ್ರ ಪ್ರಕಟಿಸಿತು: ಫ್ಯಾರಡೆ ಕೆಸರಿನಿಂದೆದ್ದ ಥೇಮ್ಸ್ ಮುದುಕನಿಗೆ ತನ್ನ ಪರಿಚಯದ ಚೀಟಿ ಕೊಡುತ್ತಿದ್ದಾನೆ. ಸಂಪುಟಗಳನ್ನು ಸಾಲಾಗಿ ಇಟ್ಟುಕೊಂಡವನಿಗೆ ಮಾತ್ರ ಈ ಎರಡು ಚಿತ್ರಗಳ ನಂಟು ಕಾಣುತ್ತದೆ. 1890ರ ಮಾರ್ಚ್ 29ರಂದು ಜಾನ್ ಟೆನಿಯಲ್ ಬರೆದ ಹಡಗಿನ ಚಿತ್ರವೂ ಹಾಗೆಯೇ. ತಾರೀಖು ಕಿತ್ತರೆ ಅಲ್ಲಿ ಮುದಿ ಮಾರ್ಗದರ್ಶಿಯೊಬ್ಬ ಏಣಿ ಇಳಿಯುತ್ತಿದ್ದಾನೆ, ಅಷ್ಟೆ. ತಾರೀಖಿದ್ದರೆ ಅವನು ಬಿಸ್ಮಾರ್ಕ್. ಮೇಲೆ ನಿಂತು ನೋಡುವವನು ಅವನನ್ನು ಕಳುಹಿಸಿದ ಜರ್ಮನಿಯ ತರುಣ ಚಕ್ರವರ್ತಿ.

ಈಗ ನಾನು ಕತ್ತರಿ ಮುಟ್ಟುವುದಿಲ್ಲ. ಸಂಪುಟ ಸಿಕ್ಕರೆ ಇಡಿಯಾಗಿ ಇಡುತ್ತೇನೆ. ಬಿಡಿ ಹಾಳೆಯಾದರೆ ಅಂಚು ಸಹಿತ, ಅಂಟು ಹಚ್ಚದೆ, ಬಿಳಿಯ ಕಾಗದದ ನಡುವೆ ಇಡುತ್ತೇನೆ. ಆ ಅಸ್ಥಿಪಂಜರದ ಚಿತ್ರವಂತೂ ಇನ್ನೂ ಗೋಡೆಯ ಮೇಲಿದೆ. ಚೌಕಟ್ಟು ಬಿಚ್ಚಿ, ಅದರ ಬೆನ್ನಿಗೆ ಸೀಸದಕಡ್ಡಿಯಿಂದ ತಾರೀಖು ಬರೆದಿದ್ದೇನೆ. ಆ ವರ್ಷದ ತರಗತಿಯ ಮಕ್ಕಳಲ್ಲಿ ಯಾರಾದರೂ ಮನೆಗೆ ಬಂದರೆ ಮೊದಲು ಅದನ್ನು ತಿರುಗಿಸಿ ತೋರಿಸುತ್ತೇನೆ. ಇದುವರೆಗೆ ನಾಲ್ವರು ಬಂದಿದ್ದಾರೆ.