ಕಾರ್ಡು ಕೈಯಲ್ಲಿದ್ದರೆ ಸಾಲದು: ಇಂಡಿ ಸೀಮೆಯ ಕುಟುಂಬಗಳಿಗೆ ಹದಿಮೂರು ಆರೋಗ್ಯ ಸೂತ್ರಗಳು

ಸರ್ಕಾರದ ಆರೋಗ್ಯ ಯೋಜನೆಗಳ ಹೆಸರು ಹತ್ತಾರು. ಅವು ಕೇಳುವ ಪ್ರಶ್ನೆ ಮಾತ್ರ ನಾಲ್ಕೇ. ನೀವು ಯಾರು? ಕಾಯಿಲೆ ಯಾವುದು? ಯಾವ ಆಸ್ಪತ್ರೆ? ಅಲ್ಲಿಗೆ ಕಳಿಸಿದವರು ಯಾರು? ನಾಲ್ಕಕ್ಕೂ ಉತ್ತರ ಕಾಗದದ ಮೇಲಿದ್ದರೆ ಐದು ಲಕ್ಷದವರೆಗಿನ ಚಿಕಿತ್ಸೆ ಕೈಯಿಂದ ರೊಕ್ಕ ಬಿಚ್ಚದೆ ಮುಗಿಯುತ್ತದೆ. ಒಂದು ಉತ್ತರ ತಪ್ಪಿದರೂ ಹೊಲ ಅಡವಿಡುವ ಮಾತು ಬರುತ್ತದೆ.

ಇದು ಬಾಯಿಮಾತಲ್ಲ. 2010ರ ಫೆಬ್ರುವರಿಯಲ್ಲಿ ರಾಜ್ಯದ ಹಿಂದಿನ ಆರೋಗ್ಯ ಯೋಜನೆಯಾದ ವಾಜಪೇಯಿ ಆರೋಗ್ಯಶ್ರೀ ಮೊದಲು ಕಲಬುರಗಿ ವಿಭಾಗಕ್ಕೆ ಬಂತು. ಅದೇ ವರ್ಷ ನಮ್ಮ ವಿಜಯಪುರ ಜಿಲ್ಲೆ ಸೇರಿದ ಬೆಳಗಾವಿ ವಿಭಾಗಕ್ಕೂ ಬಂತು. ಯೋಜನೆ ತಲುಪಿದ್ದ ಉತ್ತರದ ಹಳ್ಳಿಗಳನ್ನೂ ಇನ್ನೂ ತಲುಪದಿದ್ದ ಪಕ್ಕದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಆ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಯೋಜನೆ ತಲುಪಿದ್ದ ಕಡೆ ಶೇ 0.32, ತಲುಪದಿದ್ದ ಕಡೆ ಶೇ 0.90. ಅರ್ಹತೆಯ ಗೆರೆ ಎಲ್ಲಿದೆ ಎಂಬುದು ಜೀವದ ಪ್ರಶ್ನೆ. ಆ ಗೆರೆಯ ಒಳಗೆ ನಿಲ್ಲುವುದು ಹೇಗೆಂದು ಇಲ್ಲಿದೆ.

1. ಮೊದಲು ರೇಷನ್ ಕಾರ್ಡು ನೋಡಿ

ಆಯುಷ್ಮಾನ್ ಕಾರ್ಡು ಬಾಗಿಲು, ರೇಷನ್ ಕಾರ್ಡು ಅದರ ಬೀಗದ ಕೈ. 2018ರ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಒಂದಾದವು. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಉಳಿದವರು ‘ಸಾಮಾನ್ಯ ರೋಗಿ’. ಅವರಿಗೆ ಸಿಗುವುದು ಸಹಪಾವತಿ, ಅದರ ಮಿತಿ ವರ್ಷಕ್ಕೆ 1.5 ಲಕ್ಷ. ಎರಡೂ ಮೊತ್ತ ಇಡೀ ಕುಟುಂಬಕ್ಕೆ ಸೇರಿ. ತಲೆಗೆ ಐದು ಲಕ್ಷ ಎಂದು ಲೆಕ್ಕ ಹಾಕಬೇಡಿ.

2. ‘ಶೇ 30’ ಯಾರ ಪಾಲು ಎಂದು ತಿಳಿಯಿರಿ

ಎಪಿಎಲ್ ಕುಟುಂಬಗಳು ಹೆಚ್ಚಾಗಿ ಎಡವುವುದು ಇಲ್ಲಿ. ಶೇ 30ರಷ್ಟು ನಾವು ಕಟ್ಟಿದರೆ ಸಾಕು ಎಂದು ನಂಬಿ ಹೋಗುತ್ತಾರೆ. ನಿಯಮ ತಿರುವುಮುರುವು: ಪ್ಯಾಕೇಜ್ ದರದ ಶೇ 30 ಸರ್ಕಾರದ್ದು, ಶೇ 70 ರೋಗಿಯದು. ಒಂದು ಲಕ್ಷದ ಪ್ಯಾಕೇಜಿಗೆ ಎಪ್ಪತ್ತು ಸಾವಿರ ನಿಮ್ಮ ತಲೆಯ ಮೇಲೆ. ಆದರೂ ಲಾಭವಿದೆ. ಲೆಕ್ಕ ಹಾಕುವುದು ಸರ್ಕಾರ ನಿಗದಿ ಮಾಡಿದ ದರದ ಮೇಲೆ, ಆಸ್ಪತ್ರೆ ಬಾಯಿಗೆ ಬಂದಂತೆ ಹೇಳಿದ ದರದ ಮೇಲಲ್ಲ.

3. ಬಿಪಿಎಲ್ ಷರತ್ತುಗಳನ್ನು ಮನೆಮಂದಿ ಕೂತು ಓದಿ

ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು. ಒಣಬೇಸಾಯದ ಜಮೀನು ಮೂರು ಹೆಕ್ಟೇರ್ ಒಳಗಿರಬೇಕು, ಅಂದರೆ ಸುಮಾರು ಏಳೂವರೆ ಎಕರೆ. ನೀರಾವರಿ ಇದ್ದರೆ ಅದಕ್ಕೆ ಸಮನಾದ ಕಡಿಮೆ ಜಮೀನು. ಲಿಂಬೆ ತೋಟ, ಕಬ್ಬು ಇದ್ದವರು ಈ ‘ಸಮನಾದ’ ಎಂಬ ಮಾತನ್ನು ಎರಡು ಸಲ ಓದಬೇಕು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ಕಾಯಂ ನೌಕರರು, ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಇಟ್ಟವರು ಹೊರಗೆ. ಉಪಜೀವನದ ಒಂದು ಟ್ರ್ಯಾಕ್ಟರ್ ಅಥವಾ ಟ್ಯಾಕ್ಸಿ ಇದ್ದರೆ ತೊಂದರೆಯಿಲ್ಲ.

2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಸಾಕಷ್ಟು ಬಿಪಿಎಲ್ ಕಾರ್ಡುಗಳು ಎಪಿಎಲ್ ಆದವು, ಗದ್ದಲವಾದ ಮೇಲೆ ಅರ್ಹರ ಕಾರ್ಡು ಮರಳಿಸಲು ಸರ್ಕಾರ ಹೇಳಿತು. ಮಗ ಸಾಲ ಪಡೆಯಲು ಐಟಿ ರಿಟರ್ನ್ ಹಾಕಿದ್ದೂ ಕಾರ್ಡಿಗೆ ಕುತ್ತು ತರಬಹುದು. ವರ್ಷಕ್ಕೊಮ್ಮೆ ಕಾರ್ಡಿನ ಸ್ಥಿತಿ ನೋಡಿಕೊಳ್ಳಿ. ಆಸ್ಪತ್ರೆಯ ಕೌಂಟರಿನಲ್ಲಿ ಗೊತ್ತಾದರೆ ಕಾಲ ಮೀರಿರುತ್ತದೆ.

4. ಮನೆಯಲ್ಲಿರುವವರೆಲ್ಲ ಕಾರ್ಡಿನಲ್ಲೂ ಇರಲಿ

ಯೋಜನೆಯ ಕಣ್ಣಿಗೆ ಕುಟುಂಬ ಎಂದರೆ ರೇಷನ್ ಕಾರ್ಡಿನಲ್ಲಿ ಹೆಸರಿರುವವರು. ಹೊಸದಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲಿರುತ್ತದೆ. ಕೂಸಿನ ಹೆಸರು ಎಲ್ಲೂ ಇರುವುದಿಲ್ಲ. ಗುಳೆ ಹೋದ ತಮ್ಮನ ಇ-ಕೆವೈಸಿ ಆಗಿರುವುದಿಲ್ಲ. ಆಹಾರ ಇಲಾಖೆ ತಿದ್ದುಪಡಿಗೆ ಅವಕಾಶ ಕೊಟ್ಟ ದಿನಗಳಲ್ಲೇ ಈ ಕೆಲಸ ಮುಗಿಸಿ. ಆಧಾರ್‌ನಲ್ಲಿ ‘ಬಸಪ್ಪ’, ರೇಷನ್ ಕಾರ್ಡಿನಲ್ಲಿ ‘ಬಸವರಾಜ’ ಎಂದಿದ್ದರೆ ಅದನ್ನೂ ಒಂದು ಮಾಡಿಸಿ. ಕೂಲಿ ಮಾಡಿ ಬೆರಳ ಗೆರೆ ಸವೆದ ಹಿರಿಯರ ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಜೋಡಿಸಿಡಿ. ಹೆಬ್ಬೆಟ್ಟು ಹತ್ತದಿದ್ದಾಗ ಒಟಿಪಿ ಕೈಹಿಡಿಯುತ್ತದೆ.

5. ಕಾಯಿಲೆಯ ಗುಂಪು ಕೇಳಿ

2018ರಲ್ಲಿ ಯೋಜನೆ ರೂಪುಗೊಂಡಾಗ 1,650 ಚಿಕಿತ್ಸೆಗಳನ್ನು ಗುಂಪು ಮಾಡಿದರು. ಸರಳ ದ್ವಿತೀಯ ಹಂತ ‘2ಎ’, ಇವು ಸರ್ಕಾರಿ ಆಸ್ಪತ್ರೆಯ ಪಾಲು. ಕ್ಲಿಷ್ಟ ದ್ವಿತೀಯ ಹಂತ ‘2ಬಿ’. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರದಂಥ ದೊಡ್ಡ ಚಿಕಿತ್ಸೆಗಳು ‘3ಎ’. ತುರ್ತಿನವು ‘4ಎ’, ಆಗ ಅವುಗಳ ಸಂಖ್ಯೆ 169. ಕೌಂಟರಿನಲ್ಲಿ ನಿಂತು ‘ಕಾರ್ಡು ನಡೀತದೇನ್ರಿ?’ ಎಂದರೆ ಅರೆಬರೆ ಉತ್ತರ ಬರುತ್ತದೆ. ‘ಅಕ್ಕಾರ, ನಮ್ಮ ಕೇಸು ಯಾವ ಕೋಡಿಗೆ ಬರ್ತದರಿ? ರೆಫರಲ್ ಬೇಕೇನ್ರಿ?’ ಎಂದು ಕೇಳಿ. ಉತ್ತರ ಖಚಿತವಾಗಿ ಬರುತ್ತದೆ.

6. ರೆಫರಲ್ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆ ಮೆಟ್ಟಿಲು ಹತ್ತಬೇಡಿ

ತುರ್ತು ಅಲ್ಲದ 2ಬಿ, 3ಎ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಬೇಕೆಂದರೆ ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರು ‘ಈ ಚಿಕಿತ್ಸೆ ಇಲ್ಲಿ ಆಗುವುದಿಲ್ಲ’ ಎಂದು ಬರೆದು ಕಳಿಸಬೇಕು. ಇಂಡಿಯವರಿಗೆ ಇಂಡಿ ತಾಲೂಕು ಆಸ್ಪತ್ರೆ, ಅಲ್ಲಿಂದ ಮುಂದೆ ವಿಜಯಪುರದ ಜಿಲ್ಲಾ ಆಸ್ಪತ್ರೆ. ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯವರಿಗೂ ಇದೇ ದಾರಿ. ನೇರವಾಗಿ ಖಾಸಗಿಗೆ ಹೋಗಿ ಭರ್ತಿಯಾಗಿ ಆಮೇಲೆ ಚೀಟಿಗೆ ಓಡಾಡುವುದು ಎರಡೂ ಕಡೆ ಮುಖಭಂಗ. ಚೀಟಿಯಲ್ಲಿ ರೋಗಿಯ ಹೆಸರು, ಕಾಯಿಲೆ, ಸಹಿ, ಸಿಕ್ಕಾ ಸರಿಯಾಗಿವೆಯೇ ಎಂದು ಅಲ್ಲೇ ನಿಂತು ಓದಿ. ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

7. ತುರ್ತಿದ್ದರೆ ಚೀಟಿಗೆ ಕಾಯಬೇಡಿ

ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ. ಹೃದಯಾಘಾತವಾದವರನ್ನು, ತಲೆಗೆ ಪೆಟ್ಟು ಬಿದ್ದವರನ್ನು ಸಮೀಪದ ನೋಂದಾಯಿತ ಆಸ್ಪತ್ರೆಗೆ ಒಯ್ಯಿರಿ. 2008ರಿಂದ ಓಡುತ್ತಿರುವ 108 ಆಂಬುಲೆನ್ಸ್ ಯಾರ ಕಾರ್ಡನ್ನೂ ಕೇಳುವುದಿಲ್ಲ.

ಝಳಕಿ, ಧೂಳಖೇಡ ಮೇಲೆ ಹಾಯುವ ಹೆದ್ದಾರಿಯ ಅಕ್ಕಪಕ್ಕದ ಊರಿನವರು ಇನ್ನೊಂದನ್ನು ನೆನಪಿಡಿ. ವಾಹನ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ 5ರಿಂದ ಜಾರಿಗೆ ಬಂದಿದೆ. ಅದಕ್ಕೆ ಬಿಪಿಎಲ್ ಬೇಕಿಲ್ಲ. ಅಪಘಾತ ಪೊಲೀಸರಲ್ಲಿ ದಾಖಲಾಗಿರಬೇಕು, ಅಷ್ಟೇ. ‘ಕೇಸು ಗೀಸು ಯಾಕೆ’ ಎಂದು ದಾಖಲೆ ತಪ್ಪಿಸಿದರೆ ನಷ್ಟ ಗಾಯಾಳುವಿಗೆ.

8. ಅಡ್ವಾನ್ಸ್ ಕಟ್ಟುವ ಮೊದಲು ಆರೋಗ್ಯ ಮಿತ್ರರನ್ನು ಕಾಣಿ

ನೋಂದಾಯಿತ ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬ ಕೌಂಟರ್ ಇರುತ್ತದೆ. ಭರ್ತಿಯ ಹೊತ್ತಿಗೇ ಅಲ್ಲಿ ಕಾರ್ಡು, ಆಧಾರ್, ರೆಫರಲ್ ಕೊಡಿ. ಆಸ್ಪತ್ರೆ ಪೂರ್ವಾನುಮತಿಗೆ ಕಳಿಸುತ್ತದೆ, ಅನುಮತಿ ಬಂದ ಮೇಲೆ ಚಿಕಿತ್ಸೆ. ಇದು ನಗದುರಹಿತ ಯೋಜನೆ. ಮೊದಲು ನೀವು ಬಿಲ್ಲು ಕಟ್ಟಿ ಆಮೇಲೆ ರಸೀದಿ ತೋರಿಸಿ ಹಣ ವಾಪಸ್ ಪಡೆಯುವ ದಾರಿ ಇದರಲ್ಲಿಲ್ಲ. ಬಿಪಿಎಲ್ ರೋಗಿಗೆ ಪ್ಯಾಕೇಜಿನೊಳಗಿನ ಔಷಧ, ತಪಾಸಣೆ, ವಾರ್ಡಿನ ಖರ್ಚಿಗೆ ಬೇರೆ ಹಣ ಕೇಳುವಂತಿಲ್ಲ. ಕೇಳಿದರೆ ‘ಇದು ಪ್ಯಾಕೇಜಿನಾಗ ಇಲ್ಲೇನ್ರಿ ಸರ?’ ಎಂದು ಮಿತ್ರರ ಎದುರಿಗೇ ಕೇಳಿ. ಸ್ಪೆಷಲ್ ರೂಮು ಬೇಕೆಂದು ನೀವಾಗಿಯೇ ಕೇಳಿದರೆ ಮಾತು ಬೇರೆ.

9. ಸೊಲ್ಲಾಪುರಕ್ಕೆ ಹೊರಡುವ ಮುನ್ನ ಒಂದು ಫೋನು

ಇಂಡಿ, ಚಡಚಣದವರಿಗೆ ಸೊಲ್ಲಾಪುರ ರೂಢಿಯ ದಾರಿ. ಸಂತೆಗೂ ಅದೇ, ದವಾಖಾನೆಗೂ ಅದೇ. ಕಾರ್ಡು ಮಾತ್ರ ಗಡಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ರಾಜ್ಯದಲ್ಲಿ ಯೋಜನೆ ಆರಂಭವಾದಾಗ ಅರ್ಹರಾಗಿದ್ದ ಸುಮಾರು 1.15 ಕೋಟಿ ಕುಟುಂಬಗಳಲ್ಲಿ 62 ಲಕ್ಷದಷ್ಟು ಮಾತ್ರ 2011ರ ಸಾಮಾಜಿಕ–ಆರ್ಥಿಕ ಗಣತಿಯ ಆಧಾರದಲ್ಲಿ ಕೇಂದ್ರದ ಪಟ್ಟಿಯಲ್ಲಿದ್ದವು. ಉಳಿದವರನ್ನು ಸೇರಿಸಿಕೊಂಡದ್ದು ರಾಜ್ಯ ಸರ್ಕಾರ, ತನ್ನ ಖರ್ಚಿನಲ್ಲಿ. ಹೊರರಾಜ್ಯದಲ್ಲಿ ಕಾರ್ಡು ನಡೆಯುವ ಸೌಲಭ್ಯ ಇರುವುದು ಕೇಂದ್ರದ ಪಟ್ಟಿಯವರಿಗೆ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಯೋಜನೆ ಅಲ್ಲಿನ ನಿವಾಸಿಗಳಿಗೆ.

ಹೊರಡುವ ಮುನ್ನ 14555ಕ್ಕೆ ಫೋನು ಮಾಡಿ ಎರಡು ಮಾತು ಕೇಳಿ: ನಮ್ಮ ಕುಟುಂಬ ಕೇಂದ್ರದ ಪಟ್ಟಿಯಲ್ಲಿದೆಯೇ? ನಾವು ಹೋಗಬೇಕೆಂದಿರುವ ಆಸ್ಪತ್ರೆ ಈ ಚಿಕಿತ್ಸೆಗೆ ನೋಂದಾಯಿತವೇ? ಪುಣೆ, ಮುಂಬಯಿಗೆ ದುಡಿಯಲು ಹೋದವರಿಗೂ ಇದೇ ಮಾತು.

10. ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಎರಡನೇ ದಾರಿ

ಬಿಪಿಎಲ್ ಇಲ್ಲದ ರೈತ ಕುಟುಂಬಕ್ಕೆ ಇದು ಒಳ್ಳೆಯ ಆಸರೆ. 2003ರಲ್ಲಿ ಸಹಕಾರಿಗಳಿಗಾಗಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತು, 2023ರ ಜನವರಿ 1ರಿಂದ ಮತ್ತೆ ಜಾರಿಗೆ ಬಂತು. ಮಿತಿ ವರ್ಷಕ್ಕೆ 5 ಲಕ್ಷ. ಮರುಜಾರಿಯಾದಾಗ ಗ್ರಾಮೀಣ ಸಹಕಾರಿ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಒಬ್ಬೊಬ್ಬರಿಗೆ 100 ರೂಪಾಯಿ ವಂತಿಗೆ ಇಟ್ಟರು. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು. ಇದರ ಷರತ್ತು ಸಮಯದ್ದು: ನೋಂದಣಿ ಅವಧಿಯೊಳಗೆ ಹಣ ಕಟ್ಟಿದವರಿಗಷ್ಟೇ ಆ ವರ್ಷದ ಸೌಲಭ್ಯ. ಕಾಯಿಲೆ ಬಿದ್ದ ಮೇಲೆ ಕಟ್ಟಲು ಬರುವುದಿಲ್ಲ. ಕೃಷಿ ಪತ್ತಿನ ಸಂಘ (ಪಿಕೆಪಿಎಸ್) ಅಥವಾ ಹಾಲಿನ ಸಂಘದ ಕಾರ್ಯದರ್ಶಿಯವರನ್ನು ದೀಪಾವಳಿ ಹೊತ್ತಿಗೇ ಕೇಳಿಟ್ಟುಕೊಳ್ಳಿ.

11. ಬಡತನ ಕೇಳದ ಯೋಜನೆಗಳನ್ನು ಬಿಟ್ಟುಕೊಡಬೇಡಿ

‘ನಮಗ ಬಿಪಿಎಲ್ ಇಲ್ಲ, ಏನೂ ಸಿಗೂದಿಲ್ಲ’ ಎನ್ನುವವರು ಈ ಪಟ್ಟಿ ಓದಲಿ.

• ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ, ವರ್ಷದೊಳಗಿನ ಕೂಸಿನ ಚಿಕಿತ್ಸೆ: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಎಲ್ಲರಿಗೂ ಉಚಿತ. ಜನನಿ ಸುರಕ್ಷಾದ 700 ರೂಪಾಯಿ ಮಾತ್ರ ಬಿಪಿಎಲ್ ಮತ್ತು ಪರಿಶಿಷ್ಟ ಕುಟುಂಬಗಳ ಗ್ರಾಮೀಣ ತಾಯಂದಿರಿಗೆ. ಹೆಸರು ಒಂದೇ ಬಗೆಯದು, ಷರತ್ತು ಬೇರೆ.

• ಅಂಗನವಾಡಿ, ಸರ್ಕಾರಿ ಶಾಲೆಯ ಮಕ್ಕಳು: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುವ ದಿನ ಮಗುವನ್ನು ತಪ್ಪದೆ ಕಳಿಸಿ. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಸೀಳುತುಟಿಯಂಥವು ಅಲ್ಲಿ ಪತ್ತೆಯಾದರೆ ಮುಂದಿನ ಚಿಕಿತ್ಸೆಯ ದಾರಿ ತೆರೆಯುತ್ತದೆ.

• ಕ್ಷಯ: ಔಷಧ ಎಲ್ಲರಿಗೂ ಉಚಿತ. ಪೌಷ್ಟಿಕ ಆಹಾರಕ್ಕೆ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಷರತ್ತು ಎರಡು: ನಿಕ್ಷಯ್ ಪೋರ್ಟಲ್‌ನಲ್ಲಿ ನೋಂದಣಿ, ಬ್ಯಾಂಕ್ ಖಾತೆ.

12. ದುಡಿಯುವವರ ಕಾರ್ಡು ತಂದೆ–ತಾಯಿಗೂ ಆದೀತು

ಬೆಂಗಳೂರು, ಪುಣೆಯ ಕಾರ್ಖಾನೆಯಲ್ಲಿರುವ ಮಗನ ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಶೇ 0.75 ಇಎಸ್‌ಐ ಕಡಿತವಾಗುತ್ತಿದೆಯೇ? ಅವನನ್ನೇ ನಂಬಿರುವ ತಂದೆ–ತಾಯಿಯ ಹೆಸರನ್ನು ಅಲ್ಲಿ ಸೇರಿಸಲು ಹೇಳಿ. ಗಾರೆ, ಸೆಂಟ್ರಿಂಗ್, ಬಣ್ಣದ ಕೆಲಸದವರು 18ರಿಂದ 60 ವರ್ಷದೊಳಗಿದ್ದು, ಹಿಂದಿನ ವರ್ಷ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಬಹುದು. ಅಲ್ಲೂ ವೈದ್ಯಕೀಯ ಸಹಾಯಧನವಿದೆ. ನವೀಕರಣದ ದಿನ ಮರೆತರೆ ಇದ್ದ ಕಾರ್ಡೂ ಇಲ್ಲದಂತೆ.

13. ‘ಆಗೂದಿಲ್ಲ’ ಅಂದರೆ, ಯಾಕೆಂದು ಬರೆಸಿಕೊಳ್ಳಿ

ನಿರಾಕರಣೆಗೆ ಕಾರಣ ಮೊದಲು ಹೇಳಿದ ನಾಲ್ಕು ಪ್ರಶ್ನೆಗಳಲ್ಲೇ ಒಂದಾಗಿರುತ್ತದೆ. ಕಾರ್ಡು ಹೊಂದುತ್ತಿಲ್ಲವೇ? ಚಿಕಿತ್ಸೆ ಪಟ್ಟಿಯಲ್ಲಿಲ್ಲವೇ? ಆಸ್ಪತ್ರೆ ಆ ವಿಭಾಗಕ್ಕೆ ನೋಂದಾಯಿತವಲ್ಲವೇ? ರೆಫರಲ್ ಇಲ್ಲವೇ? ಯಾವುದೆಂದು ತಿಳಿದರೆ ಪರಿಹಾರವೂ ತಿಳಿಯುತ್ತದೆ. ಕಾರ್ಡಿನ ತೊಡಕು ಆಹಾರ ಇಲಾಖೆಯದು, ರೆಫರಲ್ ತೊಡಕು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯದು, ಆಸ್ಪತ್ರೆಯ ತೊಡಕಿಗೆ ಬೇರೆ ಆಸ್ಪತ್ರೆ. ಅನ್ಯಾಯ ಎನಿಸಿದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ 1800 425 8330ಕ್ಕೆ ಅಥವಾ 104ಕ್ಕೆ ಆಸ್ಪತ್ರೆಯ ಆವರಣದಿಂದಲೇ ಫೋನು ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಪಟ್ಟಿಯಲ್ಲೇ ಇಲ್ಲದ ಚಿಕಿತ್ಸೆಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು.

ಈ ವಾರದ ಕೆಲಸ ಇಷ್ಟು: ರೇಷನ್ ಕಾರ್ಡಿನ ಸ್ಥಿತಿ ನೋಡಿಸಿ, ಮನೆಮಂದಿಯ ಇ-ಕೆವೈಸಿ ಮುಗಿಸಿ, ಗ್ರಾಮ ಒನ್‌ನಲ್ಲಿ ಪ್ರತಿಯೊಬ್ಬರ ಆಯುಷ್ಮಾನ್ ಕಾರ್ಡು ತೆಗೆಸಿ, ಎಲ್ಲದರ ಜೆರಾಕ್ಸ್ ಒಂದೇ ಚೀಲದಲ್ಲಿಟ್ಟು ಚೀಲ ಎಲ್ಲಿದೆ ಎಂದು ಮನೆಯ ಹೆಣ್ಣುಮಕ್ಕಳಿಗೂ ಹೇಳಿ. ಜಡ್ಡು ಬಂದಾಗ ಓಡುವವರು ಹೆಚ್ಚಾಗಿ ಅವರೇ.