10 ಬಿಟ್ ಬೋರ್ಡು ಬರೆಸುವ ಮೊದಲು

ತಮ್ಮಾ, ಭಾಲ್ಕಿಯಲ್ಲಿ ವಿಡಿಯೋ ಮಿಕ್ಸಿಂಗ್ ಅಂಗಡಿ ಹಾಕುತ್ತಿದ್ದೀಯಂತೆ, ಎಲ್ಲ ಕೆಲಸವೂ 10 ಬಿಟ್‌ನಲ್ಲೇ ಅಂತ ಬೋರ್ಡು ಬರೆಸುತ್ತೀಯಂತೆ. ಬರೆಸು, ಬೇಡ ಅನ್ನುವುದಿಲ್ಲ. ಆದರೆ ಎಲ್ಲಕ್ಕೂ ಅದು ಬೇಕಾಗಿಲ್ಲ, ಬೇಕಾದ ಕಡೆ ಬಿಡಲೂಬಾರದು.

8 ಬಿಟ್ ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. 10 ಬಿಟ್‌ಗೆ 1024. ಹಳದಿ, ಅಕ್ಷತೆ, ಊಟದ ಪಂಕ್ತಿ, ಬೀಗರ ಗದ್ದಲ, ಇಂಥ ತುಂಬಿದ ಚಿತ್ರದಲ್ಲಿ ಈ ವ್ಯತ್ಯಾಸವನ್ನು ಯಾರೂ ಕಂಡು ಹಿಡಿಯಲಾರರು. ಬಣ್ಣ ನಿಧಾನವಾಗಿ ತಿರುಗುವ ಖಾಲಿ ಜಾಗದಲ್ಲಿ ಗುಟ್ಟು ರಟ್ಟಾಗುತ್ತದೆ. ಆಕಾಶವನ್ನೇ ತಗೋ. ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ನಮ್ಮ ಬೀದರ್ ವಾಯುನೆಲೆಯಲ್ಲಿ. ಅದರ ವಿಮಾನಗಳನ್ನು ಮೊಬೈಲಿನಲ್ಲಿ ಹಿಡಿದು, ನೀಲಿ ಇನ್ನಷ್ಟು ಗಾಢವಾಗಲಿ ಅಂತ ಕಾಂಟ್ರಾಸ್ಟ್ ಎಳೆದು ನೋಡು. ಆಕಾಶ ಪಟ್ಟೆಪಟ್ಟೆಯಾಗುತ್ತದೆ. ರಿಸೆಪ್ಷನ್ನಿನ ಎಲ್‌ಇಡಿ ಗೋಡೆಯದೂ ಇದೇ ಗೋಳು.

ಬಿದ್ರಿ ಹೂಜಿಯ ವಿಡಿಯೋ ಇನ್ನೂ ಕಷ್ಟ. ಸತು, ತಾಮ್ರದ ಎರಕಕ್ಕೆ ಕೋಟೆಯ ಮಣ್ಣಿನಿಂದ ಬಂದ ಕಪ್ಪು, ಅದರೊಳಗೆ ಬೆಳ್ಳಿ. ಕೊಳ್ಳುವವರು ನೋಡುವುದೇ ಆ ಕಪ್ಪಿನ ನಯವನ್ನು. ಹೂಜಿಯ ಹೊಟ್ಟೆಯ ಮೇಲಿಂದ ಬೆಳಕು ಜಾರಿ ಕತ್ತಲಾಗುವ ಜಾಗವನ್ನು ತೆರೆ ತುಂಬ ಹಿಡಿದಿದ್ದೀಯ ಅಂದುಕೋ. 8 ಬಿಟ್ ವಿಡಿಯೋದಲ್ಲಿ ಕಪ್ಪು 16ಕ್ಕೆ ಶುರು, ಬಿಳಿ 235ಕ್ಕೆ ಮುಗಿಯಿತು. ಆ ಜಾರು 16ರಿಂದ 40ರೊಳಗೆ ಇದ್ದರೆ ಕೈಗೆ ಸಿಗುವುದು ಬರೀ 24 ಹಂತ. 1920 ಪಿಕ್ಸೆಲ್ ಅಗಲಕ್ಕೆ ಹಂಚಿದರೆ ಒಂದೊಂದು ಪಟ್ಟೆ 80 ಪಿಕ್ಸೆಲ್ ದಪ್ಪ! 10 ಬಿಟ್‌ನಲ್ಲಿ ಅದೇ ಜಾಗ 64ರಿಂದ 160. ಪಟ್ಟೆ 20 ಪಿಕ್ಸೆಲ್ಲಿಗೆ ಇಳಿದು ಗ್ರೇನ್‌ನಲ್ಲಿ ಕರಗುತ್ತದೆ.

ಚಿತ್ರವನ್ನು ಮಂಕಾಗಿ ಹಿಡಿದು ಆಮೇಲೆ ಬಣ್ಣ ಎಳೆಯುವ ಲಾಗ್ ಹುಚ್ಚು ಈಗ ಎಲ್ಲ ಹುಡುಗರಿಗೂ ಇದೆ. ಎಸ್-ಲಾಗ್3ರಲ್ಲಿ ಮಾವನವರ ಬಿಳಿ ಧೋತರ ಸಹ 61 ಪ್ರತಿಶತದ ಆಸುಪಾಸಿಗೆ ಬಂದು ಕೂರುತ್ತದೆ. ಅದನ್ನು ಮತ್ತೆ ಬಿಳಿಯ ಜಾಗಕ್ಕೆ ಎಳೆಯುವಾಗ ಇದ್ದ ಹಂತಗಳೇ ಹಿಗ್ಗಬೇಕು. 8 ಬಿಟ್ ಕ್ಯಾಮೆರಾ ಇದ್ದರೆ ಲಾಗ್ ಮುಟ್ಟಬೇಡ. ಬಣ್ಣವನ್ನು ಕ್ಯಾಮೆರಾದಲ್ಲೇ ಸರಿ ಮಾಡಿಕೊಂಡು ಬಾ.

ಕ್ಯಾಮೆರಾ ಹಿಡಿಯದ್ದನ್ನು ರೆಂಡರ್ ತಂದುಕೊಡುವುದಿಲ್ಲ. 8 ಬಿಟ್ ಕ್ಲಿಪ್ಪನ್ನು ಹಾಗೇ 10 ಬಿಟ್‌ಗೆ ತೆಗೆದರೆ ಫೈಲ್ ಉಬ್ಬುತ್ತದೆ, ಪಟ್ಟೆ ಇದ್ದಲ್ಲೇ ಇರುತ್ತದೆ. ಆದರೆ ನೀನು ಹಾಕುವ ವಿನೆಟ್, ಟೈಟಲ್ ಹಿಂದಿನ ಬಣ್ಣ, ಒಂದರ ಮೇಲೊಂದು ಕರೆಕ್ಷನ್, ಇವು ಕಂಪ್ಯೂಟರಿನಲ್ಲೇ ಹುಟ್ಟುವಂಥವು. ಇಲ್ಲಿ ಜಿಪುಣತನ ಬೇಡ. ಆಫ್ಟರ್ ಎಫೆಕ್ಟ್ಸ್‌ನ ಪ್ರಾಜೆಕ್ಟ್ ವಿಂಡೋದ ಕೆಳಗೆ 8 ಬಿಪಿಸಿ ಅಂತ ಇರುತ್ತದೆ, ಆಲ್ಟ್ ಒತ್ತಿ ಕ್ಲಿಕ್ಕಿಸಿ 16 ಮಾಡಿಕೋ. ಪ್ರೀಮಿಯರ್‌ನಲ್ಲಿ ಮ್ಯಾಕ್ಸಿಮಮ್ ಬಿಟ್ ಡೆಪ್ತ್‌ಗೆ ಟಿಕ್ ಹಾಕು. ಡಾವಿಂಚಿ ರಿಸಾಲ್ವ್ ಒಳಗೊಳಗೇ 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಮಾಡುತ್ತದೆ, ಅದರ ಚಿಂತೆ ನಿನಗಿಲ್ಲ. ರೆಂಡರ್ ತಡವಾದರೆ ಚಹಾ ಕುಡಿದು ಬಾ.

ಗಿರಾಕಿಗೆ ಕೊಡುವ ಮಾತು ಬೇರೆ. ಔರಾದಿನ ಮನೆಯವರು ಪೆನ್‌ಡ್ರೈವನ್ನು ಟಿವಿಗೆ ಚುಚ್ಚುತ್ತಾರೆ. ಹಳೇ ಟಿವಿಗೆ 10 ಬಿಟ್ ಫೈಲ್ ಕೊಟ್ಟರೆ ಓಲಗ ಕೇಳಿಸೀತು, ಮದುಮಕ್ಕಳು ಕಾಣಿಸಲಿಕ್ಕಿಲ್ಲ. ಆಮೇಲೆ ಫೋನ್ ಬರುವುದು ನಿನಗೇ. ಅವರಿಗೆ ಎಚ್.264, 8 ಬಿಟ್ ಸಾಕು. ಇಳಿಸುವಾಗ ಆಕಾಶ, ಎಲ್‌ಇಡಿ ಗೋಡೆ ಇರುವ ಶಾಟ್‌ಗಳಿಗೆ ಮಾತ್ರ ತುಸು ಗ್ರೇನ್ ಉದುರಿಸು, ಪಟ್ಟೆ ಒಡೆಯುತ್ತದೆ. ವಾಟ್ಸ್ಯಾಪಿಗೆ ಕಳಿಸುವುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡ, ಅದು ಹೇಗೂ ಹಿಂಡಿಯೇ ಹಾಕುತ್ತದೆ.

10 ಬಿಟ್‌ನಲ್ಲಿ ಶೂಟ್ ಮಾಡಿದ ಕೆಲಸದ ಮಾಸ್ಟರ್ ಪ್ರತಿ ನಿನ್ನ ಹತ್ತಿರ ಇರಲಿ, ಪ್ರೋರೆಸ್ 422 ಇಲ್ಲವೇ ಡಿಎನ್‌ಎಕ್ಸ್‌ಎಚ್‌ಆರ್. ಎರಡನೆಯದರಲ್ಲಿ ಎಚ್‌ಕ್ಯೂ ಅಂತ ಕಂಡದ್ದನ್ನು ನಂಬಿ ಒತ್ತಬೇಡ, ಅದು 8 ಬಿಟ್ಟಿನದು. ನಿನಗೆ ಬೇಕಾದದ್ದು ಎಚ್‌ಕ್ಯೂಎಕ್ಸ್. ಈ ಫೈಲುಗಳು ಹಾರ್ಡ್ ಡಿಸ್ಕನ್ನು ತಿಂದು ಹಾಕುತ್ತವೆ. ಡಿಸ್ಕಿನ ದುಡ್ಡನ್ನು ಲಗ್ನದ ಬಿಲ್ಲಿನಲ್ಲೇ ಸೇರಿಸು, ಅಡ್ವಾನ್ಸ್ ಹಿಡಿಯುವಾಗಲೇ ಹೇಳಿಬಿಡು.